ಟೋಕಿಯೊದಲ್ಲಿ ಕನ್ನಡ ಕಲಿಸಿದ ಆನೆ

ಯುದ್ಧದಲ್ಲಿ ಸೋತು ಸುಟ್ಟುಹೋದ ಟೋಕಿಯೊದ ಮಕ್ಕಳು ‘ನಮಗೊಂದು ಆನೆ ಕೊಡಿ’ ಎಂದರು. ಮೈಸೂರು ಸೀಮೆಯ ಆನೆ ಹಡಗು ಹತ್ತಿತು. ಭಾರತ–ಜಪಾನ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಎರಡೂವರೆ ವರ್ಷ ಕಳೆದ ಮೇಲೆ! ಆ ಗೆಳೆತನದ ಗುರುತು ನ್ಯಾಮತಿ ತಾಲ್ಲೂಕಿನ ಸವಳಂಗದ ಗದ್ದೆಯಲ್ಲೂ ಇದೆ, ಭದ್ರಾವತಿಯ ಕುಲುಮೆಯಲ್ಲೂ ಇದೆ.

1949ರ ಸೆಪ್ಟೆಂಬರ್ 25. ಟೋಕಿಯೊ ನಗರಕ್ಕೆ ಇನ್ನೂ ಬೆಳಕು ಹರಿದಿಲ್ಲ. ಶಿಬೌರಾ ಬಂದರಿನ ಕಡೆಯಿಂದ ಆನೆಯೊಂದು ನಡೆದು ಬರುತ್ತಿದೆ. ಪಕ್ಕದಲ್ಲಿ ಭಾರತದಿಂದಲೇ ಜೊತೆಗೆ ಬಂದ ಇಬ್ಬರು ಮಾವುತರು.

ನಾಲ್ಕು ವರ್ಷದ ಹಿಂದೆ ಅಮೆರಿಕದ ಬಾಂಬುಗಳು ಬೂದಿ ಮಾಡಿದ್ದ ಊರು ಅದು. ಮನೆಗಳು ಈಗಷ್ಟೇ ಮತ್ತೆ ಏಳುತ್ತಿವೆ. ಅನ್ನಕ್ಕೆ ಪಡಿತರದ ಸಾಲು. ಅಂಥ ಊರಿನ ಬೀದಿಯಲ್ಲಿ, ವಾರಗಟ್ಟಲೆ ಹಡಗಿನಲ್ಲಿ ನಿಂತು ಬಂದ ಆನೆ ನೆಲ ಸಿಕ್ಕ ಸಮಾಧಾನದಲ್ಲಿ ಹೆಜ್ಜೆ ಹಾಕುತ್ತಿದೆ. ಉಯೆನೊ ಮೃಗಾಲಯ ಮುಟ್ಟುವವರೆಗೂ ಕಾಲ್ನಡಿಗೆಯೇ.

ಹೆಸರು ಇಂದಿರಾ. ವಯಸ್ಸು 15. ಊರು ಮೈಸೂರು ಸೀಮೆ. ಬಲ್ಲ ಭಾಷೆ ಕನ್ನಡವೊಂದೇ.

ಉಯೆನೊದ ಪಾಲಕರು ಜಪಾನಿ ಭಾಷೆಯಲ್ಲಿ ಏನು ಹೇಳಿದರೂ ಇಂದಿರಾ ಕದಲಲಿಲ್ಲ. ಕೊನೆಗೆ ಕಲಿಯುವ ಕೆಲಸ ಪಾಲಕರ ಪಾಲಿಗೇ ಬಂತು. ಆನೆಯನ್ನು ಕೂರಿಸಲು, ಏಳಿಸಲು, ಕಾಲೆತ್ತಿಸಲು, ಹಿಂದೆ ಸರಿಸಲು ಏನೇನು ಅನ್ನಬೇಕೋ ಅದನ್ನೆಲ್ಲ ನಮ್ಮ ಮಾವುತರಿಂದ ಸುಮಾರು ಎರಡು ತಿಂಗಳು ಹೇಳಿಸಿಕೊಂಡು ಬಾಯಿಪಾಠ ಮಾಡಿದರು. ಜಪಾನಿನಲ್ಲಿ ಕನ್ನಡ ಕಲಿತ ಮೊದಲ ತಲೆಮಾರಿನವರ ಪಟ್ಟಿ ಮಾಡುವುದಾದರೆ ಈ ಮೃಗಾಲಯದ ನೌಕರರನ್ನು ಬಿಡುವಂತಿಲ್ಲ.

ಈ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿದೆ. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ಬೆಂಗಳೂರಿನಿಂದ ವಿಮಾನ ಹತ್ತಿ ಜಪಾನಿಗೆ ಹೋದವು. ಪೇಪರಿನಲ್ಲಿ ಚಿತ್ರ ಬಂತು, ಮೊಬೈಲಿನಲ್ಲಿ ವಿಡಿಯೊ ಓಡಾಡಿತು. ಸವಳಂಗದ ಚಹಾ ಅಂಗಡಿಯಲ್ಲೂ ಅದೇ ಮಾತು: ‘ಅಷ್ಟು ದೂರ ಯಾಕೆ ಕಳಿಸಿದರು?’ ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತ ಹೋದರೆ ಮುಕ್ಕಾಲು ಶತಮಾನದ ಹಿಂದಿನ ಒಂದು ಖಾಲಿ ಆನೆಮನೆಯ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ.

ಆನೆ ಇಲ್ಲದ ಆನೆಮನೆ

1943ರ ಆಗಸ್ಟ್. ಬಾಂಬು ಬಿದ್ದು ಪಂಜರ ಒಡೆದರೆ ಕಾಡುಪ್ರಾಣಿಗಳು ಊರಿಗೆ ನುಗ್ಗಬಹುದು, ಅದಕ್ಕೆ ಮೊದಲೇ ಕೊಂದುಬಿಡಿ ಎಂದು ಟೋಕಿಯೊ ಆಡಳಿತ ಉಯೆನೊ ಮೃಗಾಲಯಕ್ಕೆ ಆಜ್ಞೆ ಮಾಡಿತು. ಸಿಂಹ, ಹುಲಿ, ಕರಡಿಗಳು ಹೋದವು. ಉಳಿದದ್ದು ಜಾನ್, ಟಾಂಕಿ, ವಾನ್ಲಿ ಎಂಬ ಮೂರು ಆನೆಗಳು.

ವಿಷ ಬೆರೆಸಿದ ಆಲೂಗಡ್ಡೆ ಕೊಟ್ಟರು. ಆನೆ ಒಳ್ಳೆಯದನ್ನು ಆರಿಸಿ ತಿಂದು ವಿಷದ್ದನ್ನು ಎಸೆಯಿತು. ಚುಚ್ಚುಮದ್ದು ಕೊಡಲು ಹೋದರೆ ಆ ಚರ್ಮಕ್ಕೆ ಸೂಜಿ ಇಳಿಯಲಿಲ್ಲ. ಕೊನೆಗೆ ಮೇವು ನೀರು ನಿಲ್ಲಿಸಿದರು. ಹಸಿದ ಆನೆಗಳು ಪಾಲಕರು ಕಣ್ಣಿಗೆ ಬಿದ್ದಾಗಲೆಲ್ಲ ತಾವು ಕಲಿತ ಆಟವನ್ನೇ ಆಡಿ ತೋರಿಸಿದವು. ಆಟ ಆಡಿದರೆ ತಿನ್ನಲು ಸಿಗುತ್ತದೆ ಎಂಬುದಷ್ಟೇ ಅವಕ್ಕೆ ಗೊತ್ತಿತ್ತು. ಜಾನ್ ಆಗಸ್ಟ್ 29ರಂದು ಸತ್ತಿತು. ಸೆಪ್ಟೆಂಬರ್ 4ರಂದು ಸತ್ತ ಪ್ರಾಣಿಗಳಿಗಾಗಿ ಸಾರ್ವಜನಿಕ ಶ್ರದ್ಧಾಂಜಲಿ ನಡೆದಾಗ ಉಳಿದೆರಡು ಆನೆಗಳು ಪರದೆಯ ಹಿಂದೆ ಇನ್ನೂ ಉಸಿರಾಡುತ್ತಿದ್ದವು. ಆ ತಿಂಗಳು ಮುಗಿಯುವುದರೊಳಗೆ ಅವೂ ಹೋದವು.

ಯುದ್ಧ ಮುಗಿಯಿತು. ಮಕ್ಕಳು ಮತ್ತೆ ಮೃಗಾಲಯಕ್ಕೆ ಬಂದರು. ಆನೆಮನೆ ಇತ್ತು, ಆನೆ ಇರಲಿಲ್ಲ. ನಗೋಯಾ ನಗರದ ಹಿಗಾಶಿಯಾಮಾ ಮೃಗಾಲಯದಲ್ಲಿ ಮಾತ್ರ ಎರಡು ಆನೆ ಹೇಗೋ ಬದುಕಿಕೊಂಡಿದ್ದವು. ಒಂದನ್ನಾದರೂ ನಮಗೆ ಕೊಡಿ ಎಂದು ಟೋಕಿಯೊದ ಮಕ್ಕಳು ಕೇಳಿದರು. ಅವೆರಡನ್ನೂ ಅಗಲಿಸಲಾಗದು ಎಂಬ ಉತ್ತರ ಬಂತು. ಬದಲಿಗೆ ಮಕ್ಕಳನ್ನೇ ಆನೆ ಇದ್ದಲ್ಲಿಗೆ ಕರೆದೊಯ್ಯಲು ವಿಶೇಷ ರೈಲು ಹೊರಟಿತು.

ಮಕ್ಕಳು ಅಲ್ಲಿಗೇ ಬಿಡಲಿಲ್ಲ. ಸಂಸತ್ತಿನ ಮೇಲ್ಮನೆಗೆ ಮನವಿ ಕೊಟ್ಟರು. ಆಮೇಲೆ ಆನೆಗಳ ನಾಡಿನ ಪ್ರಧಾನಿಗೇ ಬರೆದರು. ಕಾಗದಗಳ ಜೊತೆ ಬಣ್ಣದ ಚಿತ್ರಗಳೂ ಇದ್ದವು. ಆ ಕಟ್ಟನ್ನು ಹೊತ್ತು ತಂದು ಜವಾಹರಲಾಲ್ ನೆಹರೂ ಅವರಿಗೆ ಮುಟ್ಟಿಸಿದವರು ವ್ಯಾಪಾರಕ್ಕೆಂದು ಜಪಾನಿಗೆ ಹೋಗಿದ್ದ ಕಲ್ಕತ್ತಾದ ಒಬ್ಬ ವರ್ತಕರು.

ನೆಹರೂ ಒಪ್ಪಿದರು. ಮೈಸೂರಿನ ಆನೆಯೊಂದನ್ನು ಗೊತ್ತು ಮಾಡಿ, ಅದಕ್ಕೆ ಮಗಳ ಹೆಸರನ್ನೇ ಇಟ್ಟರು. 1949ರ ಸೆಪ್ಟೆಂಬರ್ 1ರ ದಿನಾಂಕ ಹಾಕಿ ಜಪಾನಿನ ಮಕ್ಕಳಿಗೆ ಪತ್ರ ಬರೆದರು. ಈ ಉಡುಗೊರೆ ನನ್ನದಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುತ್ತಿರುವುದು ಎಂಬುದು ಅದರ ಸಾರ. ಆನೆಯ ಜಾಣತನ, ತಾಳ್ಮೆ, ಬಲವಿದ್ದೂ ಮೃದುವಾಗಿರುವ ಗುಣ ನಮ್ಮೆಲ್ಲರಿಗೂ ಬರಲಿ ಎಂದೂ ಹಾರೈಸಿದ್ದರು. ಅಕ್ಟೋಬರ್ 1ರ ಹಸ್ತಾಂತರ ಸಮಾರಂಭಕ್ಕೆ ಜಪಾನಿನ ಪ್ರಧಾನಿ ಯೊಶಿದಾ ಶಿಗೆರು ಅವರೇ ಬಂದರು.

ಆಗ ಎರಡು ದೇಶಗಳ ನಡುವೆ ರಾಯಭಾರ ಕಚೇರಿ ಇರಲಿಲ್ಲ. ಜಪಾನ್ ಇನ್ನೂ ಮಿತ್ರಪಡೆಗಳ ಆಡಳಿತದಲ್ಲಿತ್ತು. ಕಾಗದಪತ್ರದ ಪ್ರಕಾರ ಸ್ನೇಹ ಶುರುವಾಗಲು ಇನ್ನೂ ಕಾಲವಿತ್ತು. ಆನೆ ಮಾತ್ರ ಆಗಲೇ ಹೋಗಿ ಮುಟ್ಟಿತ್ತು.

▌ಬಾಕ್ಸ್: ಜಪಾನಿನಲ್ಲಿ ಇಂದಿರಾ, 34 ವರ್ಷ

1950ರಲ್ಲಿ ರೈಲಿನಲ್ಲಿ ಜಪಾನ್ ಪ್ರವಾಸ. ಹೊಕ್ಕೈಡೊವರೆಗೂ ಹೋಗಿ ಊರೂರಿನ ಮಕ್ಕಳಿಗೆ ದರ್ಶನ.

1957ರ ಅಕ್ಟೋಬರಿನಲ್ಲಿ ನೆಹರೂ ಮತ್ತು ಮಗಳು ಇಂದಿರಾ ಗಾಂಧಿ ಉಯೆನೊಗೆ ಬಂದು ಆನೆಯನ್ನು ಕಂಡರು.

1967ರಲ್ಲಿ ಇನ್ನೊಂದು ಆನೆಯ ಜೊತೆ ತಳ್ಳಾಟವಾಗಿ ಇಂದಿರಾ ಆವರಣದಿಂದ ಹೊರಗೆ ಬಿತ್ತು, ಯಾರ ಮಾತಿಗೂ ಬಗ್ಗಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಹಳೆಯ ಪಾಲಕ ಎದ್ದು ಬಂದು ಸಮಾಧಾನ ಮಾಡಿ ಒಳಗೆ ಕರೆದೊಯ್ದರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

1983ರ ಆಗಸ್ಟ್ 11ರಂದು ಇಂದಿರಾ ಸತ್ತಿತು. ಮರುವರ್ಷ ಪ್ರಧಾನಿ ಇಂದಿರಾ ಗಾಂಧಿ ಆಶಾ, ದಯಾ ಎಂಬ ಎರಡು ಎಳೆಯ ಆನೆಗಳನ್ನು ಉಯೆನೊಗೆ ಕಳಿಸಿದರು.

ಪರಿಹಾರ ಬೇಡ ಎಂದ ದೇಶ

ಗೆದ್ದವರು ಸೋತವರಿಂದ ಯುದ್ಧದ ಪರಿಹಾರ ವಸೂಲಿ ಮಾಡುವುದು ಲೋಕರೂಢಿ. 1951ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಪಾನ್ ಜೊತೆ ಶಾಂತಿ ಒಪ್ಪಂದಕ್ಕೆ 48 ದೇಶಗಳು ಸಹಿ ಹಾಕಿದವು. ಭಾರತ ಆ ಸಭೆಗೆ ಹೋಗಲಿಲ್ಲ. ಜಪಾನಿಗೆ ಇತರ ದೇಶಗಳ ಸಮಕ್ಕೆ ಮರ್ಯಾದೆಯ ಸ್ಥಾನ ಸಿಗಬೇಕು, ಅಲ್ಲಿ ಪರದೇಶದ ಸೇನೆ ಕೂರಬಾರದು ಎಂಬುದು ದೆಹಲಿಯ ನಿಲುವಾಗಿತ್ತು.

1952ರ ಏಪ್ರಿಲ್ 28ರಂದು ರಾಜತಾಂತ್ರಿಕ ಸಂಬಂಧ ಶುರುವಾಯಿತು. ಜೂನ್ 9ರಂದು ಭಾರತ ಪ್ರತ್ಯೇಕವಾಗಿ ಶಾಂತಿ ಒಪ್ಪಂದ ಮಾಡಿಕೊಂಡು, ಯುದ್ಧದ ಪರಿಹಾರ ಬೇಡ ಎಂದು ಬರೆದುಕೊಟ್ಟಿತು. ಅದಕ್ಕೂ ಹಿಂದಿನ ವರ್ಷ, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟಕ್ಕೆ ಜಪಾನಿನ ಆಟಗಾರರನ್ನು ಕರೆದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಜಪಾನಿಗೆ ಆಹ್ವಾನವೇ ಇರಲಿಲ್ಲ ಎಂಬುದನ್ನು ನೆನೆದರೆ ಆ ಕರೆಯ ಬೆಲೆ ತಿಳಿಯುತ್ತದೆ.

ಜಪಾನಿಯರು ಇಂದಿಗೂ ನೆನೆಯುವ ಇನ್ನೊಬ್ಬ ಭಾರತೀಯ ಬಂಗಾಳದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್. ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಆರೋಪಿಗಳೆಲ್ಲರೂ ನಿರ್ದೋಷಿಗಳೆಂದು 1948ರಲ್ಲಿ ಭಿನ್ನ ತೀರ್ಪು ಬರೆದವರು ಅವರೊಬ್ಬರೇ. ಜಪಾನೀ ಸೇನೆಯ ಕ್ರೌರ್ಯ ನಡೆದೇ ಇಲ್ಲ ಎಂದು ಅವರು ಹೇಳಿರಲಿಲ್ಲ. ಗೆದ್ದವರೇ ಕಾನೂನು ಮಾಡಿ, ಗೆದ್ದವರೇ ತೀರ್ಪು ಕೊಡುವುದು ನ್ಯಾಯವೇ ಎಂದು ಕೇಳಿದ್ದರು. ಅವರ ತೀರ್ಪನ್ನು ಹೊಗಳುವ ಕೆಲವರು ಮೊದಲ ಮಾತನ್ನು ಬಿಟ್ಟು ಎರಡನೆಯದನ್ನಷ್ಟೇ ಎತ್ತಿಕೊಳ್ಳುತ್ತಾರೆ. ಅದು ಪಾಲ್ ಅವರಿಗೆ ಮಾಡುವ ಅನ್ಯಾಯ. ಜಪಾನ್ ಹಿಡಿದುಕೊಂಡಿದ್ದ ಅಂಡಮಾನಿನಲ್ಲಿ ನಮ್ಮವರೇ ಎಷ್ಟು ನರಳಿದರು ಎಂಬುದನ್ನೂ ಮರೆಯಬಾರದು. ಅದೆಲ್ಲ ಗೊತ್ತಿದ್ದೂ ಕೈ ಚಾಚಿದ್ದರಿಂದಲೇ ಆ ಸ್ನೇಹಕ್ಕೆ ತೂಕ ಬಂತು.

ಜಪಾನ್ ಮರೆಯಲಿಲ್ಲ. 1957ರ ಮೇ ತಿಂಗಳಲ್ಲಿ ಕಿಶಿ ನೊಬುಸುಕೆ ದೆಹಲಿಗೆ ಬಂದರು. ಭಾರತಕ್ಕೆ ಬಂದ ಮೊದಲ ಜಪಾನಿ ಪ್ರಧಾನಿ ಅವರು. 1958ರಲ್ಲಿ ಜಪಾನ್ ಹೊರದೇಶಕ್ಕೆ ಮೊಟ್ಟಮೊದಲ ಯೆನ್ ಸಾಲ ಕೊಟ್ಟಿತು. ಪಡೆದ ದೇಶ ಭಾರತ. ಜಗಳೂರಿನಾಚೆಯ ಬಳ್ಳಾರಿ–ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಮದ್ರಾಸ್ ಬಂದರಿನಿಂದ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೊರಟಿತು.

ವಿಶ್ವೇಶ್ವರಯ್ಯ ನೋಡಿ ಬಂದ ನಾಡು

ಮೈಸೂರಿಗೂ ಜಪಾನಿಗೂ ನಂಟು ಬೆಳೆದದ್ದು ಆನೆಗಿಂತ ಅರ್ಧ ಶತಮಾನ ಮೊದಲು. 1898ರಲ್ಲಿ, ಇನ್ನೂ ಮುಂಬೈ ಪ್ರಾಂತ್ಯದ ಎಂಜಿನಿಯರಾಗಿದ್ದಾಗ, ಎಂ. ವಿಶ್ವೇಶ್ವರಯ್ಯ ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳು ಇದ್ದರು. ಮೂರು ದಶಕದಲ್ಲಿ ಒಂದು ಏಷ್ಯಾ ದೇಶ ಶಾಲೆ, ರೈಲು, ಕಾರ್ಖಾನೆ ಕಟ್ಟಿ ಯುರೋಪಿಗೆ ಸಮನಾಗಿ ನಿಂತದ್ದನ್ನು ಕಣ್ಣಾರೆ ಕಂಡರು. ಹಳ್ಳಿಯ ಮಕ್ಕಳೆಲ್ಲ ಶಾಲೆಗೆ ಹೋಗುವುದು, ಮನೆಮನೆಯಲ್ಲೂ ಕೈಗಾರಿಕೆ ಇರುವುದು ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತು.

1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ಆ ನೋಟದ ಛಾಯೆ ಇದೆ. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಆಮೇಲೆ ಗಂಧದೆಣ್ಣೆ, ಸಾಬೂನು. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಅವರ ಕಾಲದಲ್ಲಿ ನಿಶ್ಚಯವಾಗಿ 1923ರಲ್ಲಿ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗಲೂ ಅವರು ಮತ್ತೆ ಮತ್ತೆ ಬೆರಳು ತೋರಿಸಿದ್ದು ಜಪಾನಿನ ಕಡೆಗೆ.

ಚನ್ನಪಟ್ಟಣದ ಗೊಂಬೆಯ ಹಿಂದೆಯೂ ಜಪಾನ್ ಇದೆ. ಕಳೆದ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬ ಕುಶಲಕರ್ಮಿ ಜಪಾನಿನ ಗೊಂಬೆ ತಯಾರಿಕೆಯ ವಿಧಾನ ಕಲಿತು, ಅರಗಿನ ಬಣ್ಣದ ಕೆಲಸಕ್ಕೆ ಹೊಸ ಹೊಳಪು ಕೊಟ್ಟರು. ಅಲ್ಲಿಯ ಕುಶಲಕರ್ಮಿಗಳು ಅವರನ್ನು ಇಂದಿಗೂ ಗುರುವಿನ ಸ್ಥಾನದಲ್ಲಿಟ್ಟು ನೆನೆಯುತ್ತಾರೆ.

▌ಬಾಕ್ಸ್: ಬಸವನಗುಡಿಯ ಜಪಾನ್ ಗುರುತು

ಬೆಂಗಳೂರಿನ ಬಸವನಗುಡಿಯಲ್ಲಿ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆ ಇದೆ. 19ನೇ ಶತಮಾನದ ಕೊನೆಯಲ್ಲಿ ಜೆ.ಎನ್. ಟಾಟಾ ಅಲ್ಲಿ ಜಪಾನಿನಿಂದ ತಜ್ಞರನ್ನು ಕರೆಸಿ ರೇಷ್ಮೆ ಕೃಷಿಯ ತರಬೇತಿ ಕೊಡಿಸಿದ್ದರು.

1893ರಲ್ಲಿ ಯೊಕೊಹಾಮಾದಿಂದ ಹೊರಟ ಹಡಗಿನಲ್ಲಿ ಟಾಟಾ ಮತ್ತು ಸ್ವಾಮಿ ವಿವೇಕಾನಂದರು ಸಹಪ್ರಯಾಣಿಕರು. ಐದು ವರ್ಷದ ಬಳಿಕ ವಿಜ್ಞಾನ ಸಂಶೋಧನಾ ಸಂಸ್ಥೆಯ ಯೋಚನೆ ಮಾಡಿದಾಗ ಆ ಪಯಣವನ್ನು ನೆನೆದು ಟಾಟಾ ವಿವೇಕಾನಂದರಿಗೆ ಪತ್ರ ಬರೆದರು. ಆ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದೇ ಭಾರತೀಯ ವಿಜ್ಞಾನ ಸಂಸ್ಥೆ.

ಗದ್ದೆಗೆ ಇಳಿದ ಜಪಾನ್

ರಾಜತಾಂತ್ರಿಕತೆ ಅಂದರೆ ಕೋಟು ತೊಟ್ಟವರು ಕೈ ಕುಲುಕುವ ಚಿತ್ರ ಎಂದೇ ನಮಗೆ ಅಭ್ಯಾಸ. ನಮ್ಮ ಕಡೆಯ ರೈತರ ಮಟ್ಟಿಗೆ ಜಪಾನ್ ಬಂದದ್ದು ಕೆಸರುಗದ್ದೆಯ ಮೂಲಕ.

1953ರಲ್ಲಿ ಭಾರತ ಸರ್ಕಾರ ‘ಜಪಾನ್ ಪದ್ಧತಿಯ ಭತ್ತದ ಬೇಸಾಯ’ ಎಂಬ ಆಂದೋಲನ ಶುರು ಮಾಡಿತು. ಆಗ ದೇಶಕ್ಕೆ ಅನ್ನದ ಕೊರತೆ. ಜಪಾನಿನ ರೈತ ನಮ್ಮವರಿಗಿಂತ ಚಿಕ್ಕ ಗದ್ದೆಯಲ್ಲಿ ಹಲವು ಪಟ್ಟು ಭತ್ತ ಬೆಳೆಯುತ್ತಿದ್ದ. ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆಯುವುದು, ಸಸಿಮಡಿಯನ್ನು ಎತ್ತರಿಸಿ ಬೀಜ ತೆಳುವಾಗಿ ಚೆಲ್ಲುವುದು, ಗುಣಿಗೆ ಎರಡು ಮೂರು ಪೈರಷ್ಟೇ ಇಡುವುದು, ಹಗ್ಗ ಹಿಡಿದು ಸಾಲಿನಲ್ಲಿ ನಾಟಿ ಮಾಡುವುದು, ಸಾಲಿನ ನಡುವೆ ಕಳೆ ಯಂತ್ರ ತಳ್ಳುವುದು, ಗೊಬ್ಬರ ಲೆಕ್ಕವಿಟ್ಟು ಹಾಕುವುದು. ಇಷ್ಟೇ. ಇದರಲ್ಲಿ ಯಂತ್ರಕ್ಕಿಂತ ಅಚ್ಚುಕಟ್ಟು ಮುಖ್ಯವಾಗಿತ್ತು.

ಮೊದಮೊದಲು ಒಪ್ಪುವುದು ಸುಲಭವಿರಲಿಲ್ಲ. ಕೈಗೆ ಬಂದಲ್ಲಿ ನೆಡುತ್ತ ಹೋಗುವ ನಾಟಿ ಬೇಗ ಮುಗಿಯುತ್ತದೆ. ಹಗ್ಗ ಹಿಡಿದರೆ ಆಳು ಹೆಚ್ಚು, ಹೊತ್ತು ಹೆಚ್ಚು. ಗೊಬ್ಬರಕ್ಕೆ ದುಡ್ಡು ಬೇಕು. ಹಾಗಾಗಿ ಇಡೀ ಪದ್ಧತಿ ಎಲ್ಲ ಕಡೆಯೂ ನೆಲೆಯೂರಲಿಲ್ಲ. ಆದರೆ ಸಾಲು ನಾಟಿ, ತೆಳು ಸಸಿಮಡಿ, ಬೀಜದ ಆಯ್ಕೆ ಉಳಿದುಕೊಂಡವು. ಭದ್ರಾ ನಾಲೆ ಬಂದ ಮೇಲೆ ಚನ್ನಗಿರಿ, ಹೊನ್ನಾಳಿ ಭಾಗದಲ್ಲಿ ಭತ್ತ ಹಬ್ಬಿದಾಗ ಈ ಪಾಠಗಳು ಕೆಲಸಕ್ಕೆ ಬಂದವು.

ಆಮೇಲೆ ಬಂದದ್ದು ಟಿಲ್ಲರ್. 1967ರಲ್ಲಿ ಬೆಂಗಳೂರಿನ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಕೆಗೆ ಇಳಿಯಿತು. ನಮ್ಮ ಕಡೆ ‘ಪವರ್’ ಎಂಬುದನ್ನು ಯಾರೂ ಹೇಳುವುದಿಲ್ಲ, ಟಿಲ್ಲರ್ ಎಂದರೆ ಸಾಕು.

ಸವಳಂಗದ ಕೆರೆಯ ಕೆಳಗೆ ಮುಂಗಾರಿನಲ್ಲಿ ನಾಟಿಗೆ ಮೊದಲು ಒಂದು ಗದ್ದೆಯ ಬದುವಿನ ಮೇಲೆ ನಿಂತು ನೋಡಬೇಕು. ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿದರೆ 13 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕೆಮ್ಮಿ ಹೊಗೆ ಬಿಟ್ಟು ಎದ್ದೇಳುತ್ತದೆ. ರಬ್ಬರ್ ಗಾಲಿ ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕಿರುತ್ತಾರೆ. ಹಿಂದೆ ರೋಟರಿನ ಬಾಗಿದ ಬ್ಲೇಡುಗಳು ಮಣ್ಣನ್ನು ಕಡಿದು ಕಡಿದು ಹಿಂದಕ್ಕೆ ಚೆಲ್ಲುತ್ತವೆ. ಎರಡು ಉದ್ದ ಹಿಡಿಕೆಗಳ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ನಡೆಯುವವನ ಮೈಯೆಲ್ಲ ಅದುರುತ್ತಿರುತ್ತದೆ. ಎಡಕ್ಕೆ ತಿರುಗಬೇಕೆಂದರೆ ಎಡ ಹಿಡಿಕೆಯ ಕ್ಲಚ್ ಒತ್ತಬೇಕು, ಬಲಕ್ಕೆ ಬಲದ್ದು. ಬದುವಿನ ಮೂಲೆಯಲ್ಲಿ ಅದನ್ನು ತಿರುಗಿಸುವುದು ತೋಳಿನ ಬಲದ ಕೆಲಸ. ಹೊಸಬರು ಹೆದರುತ್ತಾರೆ, ಕಲಿತವರು ಒಂದೇ ಕೈಯಲ್ಲಿ ತಿರುಗಿಸುತ್ತಾರೆ. ಹಿಂದೆ ಬೆಳ್ಳಕ್ಕಿಗಳ ಹಿಂಡು.

ಟ್ರ್ಯಾಕ್ಟರ್ ಇಳಿಯಲಾಗದ ತುಂಡು ಗದ್ದೆಗೆ, ಅಡಿಕೆ ತೋಟದ ಸಾಲುಗಳ ನಡುವಿಗೆ ಹೇಳಿ ಮಾಡಿಸಿದ ಯಂತ್ರ ಇದು. ಕಾರಣ, ಜಪಾನಿನ ರೈತನ ಹಿಡುವಳಿಯೂ ನಮ್ಮ ಮಲೆನಾಡ ಸೆರಗಿನ ಹಿಡುವಳಿಯಷ್ಟೇ ಚಿಕ್ಕದು. ಅಮೆರಿಕದ ಯಂತ್ರ ನಮಗೆ ಯಾಕೆ ದೊಡ್ಡದಾಯಿತು, ಜಪಾನಿನದು ಯಾಕೆ ಹೊಂದಿತು ಎಂಬುದಕ್ಕೆ ಅರ್ಧ ಉತ್ತರ ಗದ್ದೆಯ ಬದುವಿನಲ್ಲೇ ಇದೆ.

ಬಿಳಿ ಗೂಡಿನ ಗುಟ್ಟು

ಮೈಸೂರು ರೇಷ್ಮೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆಯಲ್ಲಿ ಜಪಾನಿಗೂ ಪಾಲಿದೆ ಎಂದು ರೇಷ್ಮೆ ಬೆಳೆಗಾರರೇ ಮೊದಲು ಒಪ್ಪುತ್ತಾರೆ.

ನಮ್ಮ ಹಳೆಯ ಮೈಸೂರು ತಳಿ ಸೆಕೆ, ರೋಗ ಎರಡನ್ನೂ ತಡೆಯುವ ಗಟ್ಟಿ ಹುಳು. ಆದರೆ ಗೂಡು ಚಿಕ್ಕದು, ಹಸಿರು ಮಿಶ್ರಿತ ಹಳದಿ, ಎಳೆ ಗಿಡ್ಡ. ಮಿಶ್ರತಳಿಯಲ್ಲೂ ಹಳದಿ ಗೂಡೇ. ಅಂತರರಾಷ್ಟ್ರೀಯ ಮಾರುಕಟ್ಟೆಗೆ ಬೇಕಾದದ್ದು ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ, ಅಂದರೆ ಬೈವೋಲ್ಟೀನ್ ರೇಷ್ಮೆ: ಬಿಳಿ ಗೂಡು, ಸಾವಿರ ಮೀಟರಿನ ಆಸುಪಾಸು ಬಿಚ್ಚುವ ಎಳೆ. ತಂಪು ನಾಡಿನ ಈ ನಾಜೂಕು ಹುಳು ನಮ್ಮ ಹವೆಯಲ್ಲಿ ವರ್ಷವಿಡೀ ಬದುಕುವುದಿಲ್ಲ ಎಂದೇ ಬಹುಕಾಲ ನಂಬಿದ್ದರು.

1991ರಲ್ಲಿ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಗೆ ಬಂದರು. ಮೂರು ಹಂತಗಳಲ್ಲಿ 2007ರವರೆಗೆ ಕೆಲಸ ನಡೆಯಿತು. ಸಿಎಸ್‌ಆರ್ ಹೆಸರಿನ ಹೊಸ ತಳಿಗಳು ಬಂದವು, ಅವುಗಳ ಸಂಕರ ರೈತರ ಮನೆ ಸೇರಿತು. ವಿ1 ಎಂಬ ಹಿಪ್ಪುನೇರಳೆ ತಳಿಯೂ ಅದೇ ಸಂಸ್ಥೆಯದು.

ಆದರೆ ತಳಿಗಿಂತ ದೊಡ್ಡ ಬದಲಾವಣೆ ಹುಳುಮನೆಯೊಳಗೆ ಆಯಿತು. ಮನೆಯ ಮೂಲೆಯಲ್ಲಿ, ಅಡುಗೆಯ ಹೊಗೆಯ ಪಕ್ಕದಲ್ಲಿದ್ದ ಹುಳುವಿಗೆ ಪ್ರತ್ಯೇಕ ಮನೆ ಕಟ್ಟಿದರು. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದು ಒಳಗೆ ಹೋಗುವ ಶಿಸ್ತು ಬಂತು. ಎಲೆ ಕೊಯ್ದು ಹೆಚ್ಚಿ ಹಾಕುವ ಬದಲು ರೆಂಬೆಯನ್ನೇ ಕತ್ತರಿಸಿ ಹಾಸುವ ಪದ್ಧತಿಯಿಂದ ಆಳಿನ ಖರ್ಚು ತಗ್ಗಿತು. ಒಂದೊಂದು ಜ್ವರ (ಹುಳು ಪೊರೆ ಬಿಡುವ ಹಂತ) ಏಳುವಾಗಲೂ ಎಷ್ಟು ಶಾಖ, ಎಷ್ಟು ತೇವ ಇರಬೇಕೆಂದು ಅಂದಾಜಿನ ಬದಲು ಉಷ್ಣಮಾಪಕ ನೋಡಿ ತಿಳಿದರು. ಜಪಾನಿ ತಜ್ಞರು ಹಳ್ಳಿಗಳಿಗೆ ಹೋಗಿ ರೈತರ ಹುಳುಮನೆಯಲ್ಲೇ ಕೂತು ಕೆಲಸ ನೋಡಿದರು. ಇಂಥ ನೆರವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಾಲ ತೀರಿಸಿದ ಮೇಲೆ ಲೆಕ್ಕ ಮುಗಿಯುತ್ತದೆ, ಕೈಗೆ ಹತ್ತಿದ ಕೆಲಸ ಮುಂದಿನ ತಲೆಮಾರಿಗೂ ಹೋಗುತ್ತದೆ.

ಬೆಂಗಳೂರಿನ ಕಡೆಗೆ ನೋಡಿದರೆ ಪಟ್ಟಿ ಉದ್ದವಿದೆ. ಬಿಡದಿಯ ಟೊಯೋಟಾ ಕಾರ್ಖಾನೆ. ನಮ್ಮ ಮೆಟ್ರೊಗೆ ಜಪಾನ್ ಸಾಲ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತಕ್ಕೂ ಜೈಕಾದ ಹಣ. ವರ್ಷವರ್ಷ ‘ಜಪಾನ್ ಹಬ್ಬ’ ನಡೆಯುತ್ತದೆ, ಹಬ್ಬ ಎಂಬ ನಮ್ಮ ಮಾತಿನಲ್ಲೇ.

▌ಬಾಕ್ಸ್: ಚಿನ್ನ ಇಟ್ಟ ದಿನಗಳು

1991ರಲ್ಲಿ ಭಾರತದ ಬಳಿ ಕೆಲವೇ ವಾರಗಳ ಆಮದಿಗಾಗುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ರಿಸರ್ವ್ ಬ್ಯಾಂಕ್ 46.91 ಟನ್ ಚಿನ್ನವನ್ನು ಅಡವಿಟ್ಟು ಸಾಲ ಎತ್ತಿತು. ಸಾಲ ಕೊಟ್ಟದ್ದು ಎರಡು ಬ್ಯಾಂಕು: ಒಂದು ಬ್ಯಾಂಕ್ ಆಫ್ ಇಂಗ್ಲೆಂಡ್, ಇನ್ನೊಂದು ಬ್ಯಾಂಕ್ ಆಫ್ ಜಪಾನ್.

ಮುನಿಸಿನ ಮೂರು ವರ್ಷ

1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಭಾರತ ಅಣುಪರೀಕ್ಷೆ ನಡೆಸಿತು. ಹಿರೊಶಿಮಾ, ನಾಗಸಾಕಿ ಕಂಡ ದೇಶಕ್ಕೆ ಅದು ನೋವಿನ ಸುದ್ದಿ. ಜಪಾನ್ ಹೊಸ ಸಾಲಗಳನ್ನು ನಿಲ್ಲಿಸಿತು. ಮಾತು ಬಿಗಿಯಾಯಿತು.

2000ದ ಆಗಸ್ಟ್‌ನಲ್ಲಿ ಪ್ರಧಾನಿ ಮೊರಿ ಯೊಶಿರೊ ಭಾರತಕ್ಕೆ ಬಂದರು. ದೆಹಲಿಗೆ ಮೊದಲು ಅವರು ಇಳಿದದ್ದು ಬೆಂಗಳೂರಿನಲ್ಲಿ. ಸಾಫ್ಟ್‌ವೇರ್ ನಗರ ಜಪಾನಿಗೆ ಬೇಕಾಗಿತ್ತು. ಮರುವರ್ಷ ಅಕ್ಟೋಬರಿನಲ್ಲಿ ನಿರ್ಬಂಧ ತೆರವಾಯಿತು. 2016ರಲ್ಲಿ ನಾಗರಿಕ ಅಣುಶಕ್ತಿ ಒಪ್ಪಂದಕ್ಕೇ ಸಹಿ ಬಿತ್ತು. ಅಣುಬಾಂಬಿಗೆ ತುತ್ತಾದ ದೇಶ, ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದ ದೇಶದೊಂದಿಗೆ ಇಂಥ ಕರಾರು ಮಾಡಿಕೊಳ್ಳುವುದು ಸಣ್ಣ ಮಾತಲ್ಲ. ಜಪಾನಿನೊಳಗೆ ಅದಕ್ಕೆ ವಿರೋಧವೂ ಜೋರಾಗಿತ್ತು. ಆ ವಿರೋಧದ ಕಾರಣ ನಮಗೆ ಅರ್ಥವಾಗಬೇಕು.

ಆನೆಯ ಕಡೆಯಿಂದ ನೋಡಿದರೆ

ಚಹಾ ಅಂಗಡಿಯ ಪ್ರಶ್ನೆಗೆ ಮರಳುತ್ತೇನೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆಯವರಿಗೆ ಆನೆ ದೂರದ ವಿಚಾರವಲ್ಲ. 2023ರ ಏಪ್ರಿಲ್‌ನಲ್ಲಿ ಕಾಡಾನೆಯೊಂದು ಈ ಭಾಗದ ಹಳ್ಳಿಗಳಿಗೆ ಇಳಿಯಿತು. ಚನ್ನಗಿರಿ ಭಾಗದಲ್ಲಿ ಒಬ್ಬ ಹುಡುಗಿಯ ಜೀವ ಹೋಯಿತು. ನ್ಯಾಮತಿ ತಾಲ್ಲೂಕಿನ ಜೀನಹಳ್ಳಿ ಬಳಿ ಸೆರೆ ಹಿಡಿಯಲು ಹೋದಾಗ ಸಕ್ರೆಬೈಲು ಬಿಡಾರದ ಪಶುವೈದ್ಯರ ಮೇಲೆಯೇ ಆನೆ ಎರಗಿ ಅವರಿಗೆ ಪೆಟ್ಟಾಯಿತು. ಆನೆಯನ್ನು ಗಣಪತಿ ಎಂದು ಕೈಮುಗಿಯುವವರೂ ನಾವೇ, ರಾತ್ರಿ ಪಟಾಕಿ ಹಿಡಿದು ಜೋಳದ ಹೊಲ ಕಾಯುವವರೂ ನಾವೇ.

ಆದ್ದರಿಂದ ಇಂದಿರಾಳ ಕಥೆಯನ್ನು ಬರೀ ಮೆಚ್ಚುಗೆಯಿಂದ ಹೇಳಲು ನನಗೆ ಮನಸ್ಸಾಗುವುದಿಲ್ಲ. ಆನೆ ಹಿಂಡಿನ ಪ್ರಾಣಿ. ತಾಯಿ, ಚಿಕ್ಕಮ್ಮಂದಿರು, ಅಕ್ಕತಂಗಿಯರ ನಡುವೆ ಬದುಕುವ ಹೆಣ್ಣಾನೆಯನ್ನು 15ರ ಹರೆಯದಲ್ಲಿ ಕಡಲಾಚೆ ಕಳಿಸಿದೆವು. ಎರಡು ದೇಶಗಳ ಗೆಳೆತನಕ್ಕೆ ಬೆಲೆ ತೆತ್ತದ್ದು ಅದು. ಜಪಾನಿನ ಮಕ್ಕಳ ಸಂತೋಷ ನಿಜ, ನೆಹರೂ ಅವರ ಒಳ್ಳೆಯತನ ನಿಜ, ಆನೆಯ ಒಂಟಿತನವೂ ಅಷ್ಟೇ ನಿಜ.

ಈಗ ಕಾಲ ಬದಲಾಗಿದೆ. ಸರ್ಕಾರ ಪ್ರಾಣಿಗಳನ್ನು ಪರದೇಶಕ್ಕೆ ಉಡುಗೊರೆ ಕೊಡುವ ಪದ್ಧತಿಯನ್ನು 2005ರಲ್ಲಿ ಕೈಬಿಟ್ಟಿತು. ಈಗೇನಿದ್ದರೂ ಮೃಗಾಲಯಗಳ ನಡುವಿನ ವಿನಿಮಯ. 2025ರಲ್ಲಿ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಹೋದದ್ದು ಸುರೇಶ್, ಗೌರಿ, ಶ್ರುತಿ, ತುಳಸಿ. ಐದರಿಂದ ಒಂಬತ್ತು ವರ್ಷದ ಎಳೆಯವು. ಬದಲಿಗೆ ಬನ್ನೇರುಘಟ್ಟಕ್ಕೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿಗಳು ಎಂದು ಮಾತಾಯಿತು. ಪೆಟ್ಟಿಗೆಯೊಳಗೆ ಹೋಗಿ ನಿಲ್ಲುವುದನ್ನು ಆನೆಗಳಿಗೆ ತಿಂಗಳುಗಟ್ಟಲೆ ರೂಢಿ ಮಾಡಿಸಿದರು. ಹಿಮೇಜಿಯ ಪಾಲಕರು ಮೊದಲೇ ಬನ್ನೇರುಘಟ್ಟಕ್ಕೆ ಬಂದು ಇವುಗಳ ಅಭ್ಯಾಸ ತಿಳಿದುಕೊಂಡರು. ನಮ್ಮ ಮಾವುತರು, ವೈದ್ಯರು ಜೊತೆಗೇ ಹೋಗಿ ಅಲ್ಲಿ ಹೊಂದಿಕೊಳ್ಳುವವರೆಗೆ ನೋಡಿಕೊಂಡರು. 1949ಕ್ಕಿಂತ ಇದು ಎಷ್ಟೋ ಮೇಲು. ಒಂಟಿಯಾಗಿ ಕಳಿಸದೆ ನಾಲ್ಕನ್ನು ಒಟ್ಟಿಗೆ ಕಳಿಸಿದ್ದು ಸರಿಯಾದ ಕೆಲಸ. ಅವುಗಳನ್ನು ಮುಂದೆಯೂ ಅಗಲಿಸದಂತೆ ನಮ್ಮ ಮೃಗಾಲಯ ಪ್ರಾಧಿಕಾರ ಕಣ್ಣಿಟ್ಟಿರಬೇಕು. ವರ್ಷಕ್ಕೊಮ್ಮೆಯಾದರೂ ಅವುಗಳ ಆರೋಗ್ಯದ ವರದಿ ಜನರಿಗೆ ಸಿಗಬೇಕು.

▌ಬಾಕ್ಸ್: ಕೊಡಗಿನ ಅಂಬಿಕಾ

ಕರ್ನಾಟಕದಿಂದ ಕಡಲು ದಾಟಿದ ಆನೆ ಇಂದಿರಾ ಒಂದೇ ಅಲ್ಲ. ಕೊಡಗಿನ ಕಾಡಿನಲ್ಲಿ ಹಿಡಿದು, ಮರ ಎಳೆಯುವ ಕೆಲಸದಲ್ಲಿದ್ದ ಅಂಬಿಕಾ 1961ರಲ್ಲಿ ಭಾರತದ ಮಕ್ಕಳ ಉಡುಗೊರೆಯಾಗಿ ಅಮೆರಿಕದ ವಾಷಿಂಗ್ಟನ್ ಮೃಗಾಲಯ ಸೇರಿತು. ಸುಮಾರು 72 ವರ್ಷ ಬದುಕಿ 2020ರ ಮಾರ್ಚ್‌ನಲ್ಲಿ ಅಲ್ಲೇ ಸತ್ತಿತು.

ಮುಂದಿನ ಏಪ್ರಿಲ್ 28

2027ರ ಏಪ್ರಿಲ್ 28ಕ್ಕೆ ಭಾರತ–ಜಪಾನ್ ರಾಜತಾಂತ್ರಿಕ ಸಂಬಂಧಕ್ಕೆ 75 ವರ್ಷ. ದೆಹಲಿಯಲ್ಲಿ, ಟೋಕಿಯೊದಲ್ಲಿ ಸಮಾರಂಭ ನಡೆದೇ ನಡೆಯುತ್ತವೆ. ನಮ್ಮ ರಾಜ್ಯ ಇದರಲ್ಲಿ ಪ್ರೇಕ್ಷಕನಾಗಿ ಕೂರಬಾರದು. ಮೈಸೂರು ಮೃಗಾಲಯದ ಆನೆಗಳ ಆವರಣದ ಮುಂದೆ ಇಂದಿರಾಳ ಕಥೆಯನ್ನು ಕನ್ನಡದಲ್ಲೂ ಜಪಾನಿ ಭಾಷೆಯಲ್ಲೂ ಬರೆದ ಫಲಕ ನಿಲ್ಲಬೇಕು. ಆ ಆನೆಯನ್ನು ನಡೆಸಿಕೊಂಡು ಹೋದ ಮಾವುತರಿಗೂ ಅದರಲ್ಲಿ ಜಾಗ ಇರಬೇಕು. ಆಯುಧಪೂಜೆಯ ದಿನ ಟಿಲ್ಲರ್‌ಗೆ ಕುಂಕುಮ ಹಚ್ಚಿ ಮಾವಿನ ತೋರಣ ಕಟ್ಟುವ ಊರಿನ ಶಾಲೆಯಲ್ಲಿ ಆ ಯಂತ್ರ ಎಲ್ಲಿಂದ ಬಂತೆಂದು ಒಂದು ಪಾಠವಾದರೂ ನಡೆಯಬೇಕು.

ಇನ್ನೊಂದು ಕೆಲಸವಿದೆ, ಅದಕ್ಕೆ ಸರ್ಕಾರದ ಆದೇಶ ಬೇಡ. ಅಂದು ಟೋಕಿಯೊದ ಮಕ್ಕಳು ಕಾಗದ ಬರೆದಿದ್ದರು. ಈಗ ನಮ್ಮ ಮಕ್ಕಳ ಸರದಿ. ಸುರೇಶ್, ಗೌರಿ, ಶ್ರುತಿ, ತುಳಸಿ ಹೇಗಿವೆ, ಏನು ತಿನ್ನುತ್ತವೆ, ಜಪಾನಿನ ಚಳಿಗೆ ಒಗ್ಗಿದವೇ ಎಂದು ಸವಳಂಗದ ಶಾಲೆಯ ಮಕ್ಕಳೇ ಕೇಳಲಿ. ಕಾಗದ ಕನ್ನಡದಲ್ಲೇ ಇರಲಿ, ಜೊತೆಗೆ ಬಣ್ಣದ ಚಿತ್ರವೂ ಇರಲಿ. ಲಕೋಟೆಯ ಮೇಲೆ ಬರೆಯಬೇಕಾದದ್ದು: ಹಿಮೇಜಿ ಸೆಂಟ್ರಲ್ ಪಾರ್ಕ್, ಹಿಮೇಜಿ, ಹ್ಯೋಗೊ ಪ್ರಾಂತ್ಯ, ಜಪಾನ್.